ದರ ಹೇಳುವುದಕ್ಕೆ ಮೊದಲು, ಆಲ್ಬಂ ಕೊಡುವುದಕ್ಕೆ ಮೊದಲು

ಬಸವನಗುಡಿಯ ನನ್ನ ಫೋಟೊ ಸ್ಟುಡಿಯೊಗೆ ಬರುವ ಬಹುಪಾಲು ಕರೆಗಳ ಮೊದಲ ಮಾತು ಒಂದೇ: "ಮದುವೆಗೆ ರೇಟ್ ಎಷ್ಟು ಸರ್?" ಮೊದಲೆಲ್ಲ ನಾನು ಆ ಕ್ಷಣದಲ್ಲೇ ಒಂದು ಮೊತ್ತ ಹೇಳಿಬಿಡುತ್ತಿದ್ದೆ. "ಮನೇಲಿ ಮಾತಾಡಿ ತಿಳಿಸ್ತೀವಿ" ಎಂದು ಅವರು ಫೋನ್ ಇಟ್ಟರೆ ಮತ್ತೆ ಕರೆ ಬರುವುದು ಅಪರೂಪವಾಗಿತ್ತು. ಕೆಲಸದ ಬಗ್ಗೆ ಏನೂ ತಿಳಿಯದವರ ಕೈಗೆ ನಾನು ಕೊಡುತ್ತಿದ್ದದ್ದು ಬರೀ ಒಂದು ಅಂಕಿ. ಅಂಕಿಯನ್ನು ಅಂಕಿಯೊಂದಿಗೆ ಹೋಲಿಸಿದರೆ ಕಡಿಮೆಯದ್ದೇ ಗೆಲ್ಲುತ್ತದೆ.

ಈಗ ನಾನು ಮೊದಲು ಕೇಳುತ್ತೇನೆ. ಛತ್ರ ಯಾವುದು, ಆರತಕ್ಷತೆ ಹಿಂದಿನ ದಿನ ಸಂಜೆಯೋ ಧಾರೆಯ ದಿನವೋ, ಮುಹೂರ್ತ ಎಷ್ಟು ಗಂಟೆಗೆ, ವರಪೂಜೆ ಇದೆಯೇ, "ಅಜ್ಜಿ, ತಾತ ಯಾರು ಯಾರು ಇರ್ತಾರಮ್ಮ?" ಇವು ಸಮಯ ಕಳೆಯುವ ಪ್ರಶ್ನೆಗಳಲ್ಲ. ಸಂಜೆ ಆರತಕ್ಷತೆ ಮುಗಿಯುವಾಗ ರಾತ್ರಿ ಹನ್ನೊಂದಾಗಿ, ಮರುದಿನ ಆರೂವರೆಗೆ ಮುಹೂರ್ತವಿದ್ದರೆ ಒಂದೇ ತಂಡ ಎರಡನ್ನೂ ಸರಿಯಾಗಿ ತೆಗೆಯಲಾರದು. ಅಂತರಪಟ ಸರಿಯುವ ಹೊತ್ತಿಗೆ ವಧುವಿನ ಮುಖಕ್ಕೊಂದು, ವರನ ಮುಖಕ್ಕೊಂದು ಕ್ಯಾಮೆರಾ ಬೇಕಾಗುತ್ತದೆ, ಏಕೆಂದರೆ ಆ ಗಳಿಗೆಯನ್ನು ಮತ್ತೊಮ್ಮೆ ಮಾಡಿಸಲು ಸಾಧ್ಯವಿಲ್ಲ. ಇಷ್ಟು ಮಾತಾಡುವಷ್ಟರಲ್ಲಿ ದರದ ಒಳಗೆ ಏನೇನಿದೆ ಎಂಬುದು ಅವರಿಗೇ ಹೊಳೆದಿರುತ್ತದೆ, ಎಷ್ಟು ಜನ ಬೇಕೆಂಬುದು ನನಗೂ ಸ್ಪಷ್ಟವಾಗಿರುತ್ತದೆ.

ಆಮೇಲೆ ಮನೆಯವರನ್ನು ಸ್ಟುಡಿಯೊಗೆ ಕರೆಯುತ್ತೇನೆ. ಹತ್ತಾರು ಮದುವೆಗಳಿಂದ ಆರಿಸಿದ ಚಂದದ ಚಿತ್ರಗಳನ್ನು ತೋರಿಸುವುದನ್ನು ಬಿಟ್ಟು, ಒಂದೇ ಮದುವೆಯ ಪೂರ್ತಿ ಆಲ್ಬಂ ಅನ್ನು ಅವರ ಕೈಗಿಡುತ್ತೇನೆ. ಮುಚ್ಚಿದಾಗ ಹನ್ನೆರಡಕ್ಕೆ ಹದಿನೆಂಟು ಇಂಚು, ಬಿಚ್ಚಿದಾಗ ಮೂವತ್ತಾರು ಇಂಚು ಅಗಲವಾಗುವ ಆ ಹಾಳೆಗಳ ತೂಕವನ್ನು ಫೋನಿನ ಪರದೆ ಎಂದೂ ಹೇಳಲಾರದು. ವಧೂವರರು ಕ್ಯಾಂಡಿಡ್ ಚಿತ್ರಗಳ, ಅಂದರೆ ಪೋಸ್ ಕೊಡಿಸದೆ ತೆಗೆದ ಚಿತ್ರಗಳ, ಬಳಿ ನಿಲ್ಲುತ್ತಾರೆ; ತಾಯಂದಿರ ಬೆರಳು ಗುಂಪು ಚಿತ್ರಗಳ ಮೇಲೆ ಸರಿಯುತ್ತದೆ. ಹಣ ಕೊಡುವ ನಿರ್ಧಾರದಲ್ಲಿ ಆ ಬೆರಳಿಗೂ ಪಾಲಿದೆ. ನಮ್ಮ ಕಸುಬಿನ ಹಲವರು ಗುಂಪು ಚಿತ್ರಗಳನ್ನು ಹಳೆಯ ಶೈಲಿಯೆಂದು ತಳ್ಳಿಹಾಕುವುದು ದೊಡ್ಡ ತಪ್ಪೆಂದು ನನ್ನ ದೃಢವಾದ ಅಭಿಪ್ರಾಯ.

ಮೊತ್ತ ಹೇಳುವಾಗ ದೊಡ್ಡ ಪ್ಯಾಕೇಜ್‌ನಿಂದ ಆರಂಭಿಸಿ ಕೆಳಗಿಳಿಯುತ್ತೇನೆ, ಜಿಎಸ್‌ಟಿ ಸೇರಿಸಿಯೇ ಹೇಳುತ್ತೇನೆ. ಒಂದು ಲಕ್ಷವೆಂದು ಒಪ್ಪಿಸಿ, ಬಿಲ್ಲಿನಲ್ಲಿ ಶೇಕಡಾ 18ರಂತೆ ಹದಿನೆಂಟು ಸಾವಿರ ಸೇರಿಸಿದರೆ ಆ ಮನೆಯ ಮುಂದಿನ ನಾಮಕರಣಕ್ಕೆ ನಮ್ಮನ್ನು ಕರೆಯುವುದಿಲ್ಲ. ಮೊತ್ತ ಹೇಳಿದ ಮೇಲೆ ಸುಮ್ಮನಿರುತ್ತೇನೆ. ಆ ಮೌನಕ್ಕೆ ಹೆದರಿ ನಾವೇ ರಿಯಾಯಿತಿ ಕೊಡಲು ಆರಂಭಿಸಬಾರದು. ಚೌಕಾಸಿ ನಮ್ಮ ಊರಿನ ರೂಢಿ, ಅದರಲ್ಲಿ ಬೇಸರಪಡುವಂಥದ್ದಿಲ್ಲ. ಆದರೆ ಮೊತ್ತ ಇಳಿಸಿದರೆ ಹಾಳೆಯನ್ನೋ, ಒಂದು ಕ್ಯಾಮೆರಾವನ್ನೋ ಜೊತೆಯಲ್ಲೇ ಇಳಿಸುತ್ತೇನೆ. ಏನನ್ನೂ ತೆಗೆಯದೆ ಹತ್ತು ಸಾವಿರ ಬಿಟ್ಟುಕೊಟ್ಟರೆ ಮೊದಲು ಹೇಳಿದ ದರವೇ ಸುಳ್ಳೆಂದು ಒಪ್ಪಿಕೊಂಡಂತಾಗುತ್ತದೆ.

ನಿಜವಾದ ಮಾರಾಟ ನಡೆಯುವುದು ಮದುವೆಯ ನಂತರ, ಇದನ್ನು ನಾನು ಬಹಳ ತಡವಾಗಿ ಕಲಿತೆ. ಎರಡು ಸಾವಿರ ಚಿತ್ರಗಳನ್ನು ಪೆನ್ ಡ್ರೈವ್‌ಗೆ ತುಂಬಿ "ಆಲ್ಬಂಗೆ ಆರಿಸಿಕೊಡಿ" ಎಂದು ಕಳಿಸುತ್ತಿದ್ದೆ. ಹೊಸ ದಂಪತಿ ಕೆಲಸಕ್ಕೆ ಮರಳಿರುತ್ತಾರೆ, ಆರಿಸಲು ಬಿಡುವಿರುವುದಿಲ್ಲ, ಆಲ್ಬಂ ಒಂದು ವರ್ಷ ತಡವಾಗುತ್ತದೆ, ಅದರೊಂದಿಗೆ ಬಾಕಿ ಹಣವೂ ನಿಲ್ಲುತ್ತದೆ. ಈಗ ಮದುವೆಯಾದ ಮೂರು ವಾರದೊಳಗೆ ಒಂದು ಭಾನುವಾರ ಎರಡೂ ಮನೆಯವರನ್ನು ಕೂರಿಸಿ, ನಾನೇ ಜಾಲಾಡಿ ಆರಿಸಿದ ಇನ್ನೂರು ಚಿತ್ರಗಳನ್ನು ಗೋಡೆಯ ಮೇಲೆ ಪ್ರೊಜೆಕ್ಟರ್‌ನಲ್ಲಿ ತೋರಿಸುತ್ತೇನೆ. ಕಾಫಿ ಕುಡಿಯುತ್ತಾ ಎರಡು ಗಂಟೆಯಲ್ಲಿ ಆಯ್ಕೆ ಮುಗಿಯುತ್ತದೆ.

ಗೋಡೆಗೆ ಹಾಕುವ ಫ್ರೇಮ್‌ಗಳೂ ಅಲ್ಲೇ ಮಾರಾಟವಾಗುತ್ತವೆ. ಕೈಯಲ್ಲಿ ದೊಡ್ಡದೆನಿಸುವ ಹನ್ನೆರಡಕ್ಕೆ ಹದಿನೆಂಟರ ಚಿತ್ರ ಸೋಫಾದ ಮೇಲಿನ ಗೋಡೆಯಲ್ಲಿ ಅಂಚೆಚೀಟಿಯಂತೆ ಕಾಣುತ್ತದೆ. ಆದ್ದರಿಂದ ಸ್ಟುಡಿಯೊದ ಸೋಫಾದ ಹಿಂದೆಯೇ ಮೂರು ಅಳತೆಯ ಫ್ರೇಮ್‌ಗಳನ್ನು ನೇತುಹಾಕಿದ್ದೇನೆ. "ದೊಡ್ಡದು ಮಾಡಿದ್ರೆ ಒಡೆದುಹೋಗಲ್ವಾ?" ಎಂದು ಅಪ್ಪಂದಿರು ತಪ್ಪದೆ ಕೇಳುತ್ತಾರೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಉದ್ದಕ್ಕೆ 6,000 ಪಿಕ್ಸೆಲ್ ಇರುತ್ತದೆ. ಮೂವತ್ತಾರು ಇಂಚಿಗೆ ಹಿಗ್ಗಿಸಿದರೂ ಇಂಚಿಗೆ 166 ಪಿಕ್ಸೆಲ್ ಉಳಿಯುತ್ತದೆ, ಐದಾರು ಅಡಿ ದೂರದಿಂದ ನೋಡುವ ಚಿತ್ರಕ್ಕೆ ಅದು ಸಾಕು ಎಂದು ಲೆಕ್ಕ ಹಾಕಿ ತೋರಿಸುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿಬಂದ ಚಿತ್ರವನ್ನು ಯಾರಾದರೂ ತಂದರೆ, ಅದಕ್ಕೆ ದೊಡ್ಡ ಫ್ರೇಮ್ ಬೇಡವೆಂದು ಅಷ್ಟೇ ನೇರವಾಗಿ ಹೇಳುತ್ತೇನೆ.

ಮುಂಗಡ ಪಡೆಯುವಾಗಲೇ ಒಂದು ಕಾಗದಕ್ಕೆ ಇಬ್ಬರೂ ಸಹಿ ಹಾಕುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದ್ದೇ. ಇದನ್ನು ತಿಳಿಸಿ, ಜಾಹೀರಾತಿಗೆ ಅವರ ಚಿತ್ರ ಬಳಸಲು ಅನುಮತಿಯನ್ನು ಪ್ರತ್ಯೇಕವಾಗಿ ಕೇಳುತ್ತೇನೆ. ಬೇಡವೆಂದವರ ಚಿತ್ರ ನನ್ನ ಗೋಡೆಯಲ್ಲೂ ಇರುವುದಿಲ್ಲ.

ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಆ ತಿಂಗಳು ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಮನೆಯಲ್ಲಿ ಮಾಸಿಹೋಗುತ್ತಿರುವ ಕಪ್ಪು ಬಿಳುಪು ಚಿತ್ರಗಳನ್ನು ತನ್ನಿರೆಂದು ಕೇಳುತ್ತೇನೆ. ಕಳೆದ ಸಲ ಒಬ್ಬ ತಾಯಿ ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟಿದ್ದ ತಮ್ಮ ಧಾರೆಯ ಚಿತ್ರವನ್ನು ತಂದರು. ಅದನ್ನು ಸರಿಪಡಿಸಿ, ಮಗಳ ಮದುವೆಯ ಚಿತ್ರದ ಅಳತೆಗೇ ಮುದ್ರಿಸಿ, ಎರಡಕ್ಕೂ ಒಂದೇ ಬಗೆಯ ಫ್ರೇಮ್ ಹಾಕಿಸಿ ಕೊಟ್ಟೆ. ಮುಂದಿನ ವಾರ ಅವರ ತಂಗಿ ತಮ್ಮ ಮನೆಯ ಚಿತ್ರದೊಂದಿಗೆ ಬಂದಿದ್ದರು.