ತೊಗರಿ ಬೇಳೆ ಬೆಲ್ಟು, ಎಎಂ62ಎ ಬೋರ್ಡು: 5ರಿಂದ 8ನೇ ವಾರದ ಟಿಪ್ಪಣಿ

ಬೆಲ್ಟಿನ ಮೇಲೆ ಸಾಗುವ ಬೇಳೆಯನ್ನು ಕ್ಯಾಮೆರಾದಲ್ಲಿ ನೋಡಿ, ಬೇಡದ ಕಾಳು-ಕಲ್ಲನ್ನು ಗಾಳಿ ಊದಿ ಹಾರಿಸುವ ಯಂತ್ರ ಇದು. ಅದನ್ನು ನಡೆಸುವುದು ಲಿನಕ್ಸ್ ಓಡುವ ಎಎಂ62ಎ, ಅಂದರೆ ಟಿಐ (ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್) ಚಿಪ್ಪಿನ ಬೋರ್ಡು. ಪರೀಕ್ಷೆಗೆ ಕಲಬುರಗಿಯ ದಾಲ್‌ಮಿಲ್ ಬೇಳೆ 20 ಕೆಜಿ. ಅದಕ್ಕೆ ಬೇಕಂತಲೇ ಬೆರೆಸಿದ್ದು ಗುಂಡು ತೊಗರಿ, ಸಿಪ್ಪೆ ಬಿಡದ ಕಾಳು, ಸಣ್ಣ ಕಲ್ಲು. ನೀಲಿ ಬೆಲ್ಟಿನ ವೇಗ ಸೆಕೆಂಡಿಗೆ 300 ಮಿ.ಮೀ., ಕ್ಯಾಮೆರಾದ ನಡುಗೆರೆಯಿಂದ ಗಾಳಿ ನಳಿಕೆಗೆ 90 ಮಿ.ಮೀ. ಕಾಳು ಕಂಡ ಮೇಲೆ ಉಳಿಯುವುದು 300 ಮಿಲಿಸೆಕೆಂಡ್. ಗಾಳಿ ಬಿಡುವ ವಾಲ್ವ್ 10 ಮಿಲಿಸೆಕೆಂಡ್ ತಡವಾದರೆ 3 ಮಿ.ಮೀ. ತಪ್ಪು, ಅಂದರೆ ಹೆಚ್ಚುಕಡಿಮೆ ಅರ್ಧ ಬೇಳೆ.

5ನೇ ವಾರ: ಕರ್ನಲ್

ನಾನು ಹಾಕಿಕೊಂಡ ಟಿಐ ಎಸ್‌ಡಿಕೆಯಲ್ಲಿ (ಚಿಪ್ಪಿಗೆ ಕಂಪನಿ ಕೊಡುವ ತಂತ್ರಾಂಶದ ಕಟ್ಟು) 6.12 ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಇದೆ. ತುರ್ತು ಕೆಲಸವನ್ನು ಗೊತ್ತಾದ ಗಳಿಗೆಗೇ ನಡೆಸುವ ರಿಯಲ್‌ಟೈಮ್ ಆಯ್ಕೆ ಪ್ರಿಎಂಪ್ಟ್-ಆರ್‌ಟಿ 2024ರಲ್ಲಿ ಇದೇ ಆವೃತ್ತಿಯಿಂದ ಮುಖ್ಯ ಲಿನಕ್ಸ್‌ಗೆ ಸೇರಿದ್ದರಿಂದ ಹೊರಗಿನ ಪ್ಯಾಚ್ ಹುಡುಕುವ ತಲೆನೋವಿಲ್ಲ. ಮೆನುಕಾನ್ಫಿಗ್‌ನಲ್ಲಿ (ಕರ್ನಲ್ ಆಯ್ಕೆಗಳ ಪಟ್ಟಿ) ಆ ಆಯ್ಕೆ ಕಾಣಬೇಕಾದರೆ ಮೊದಲು 'ಎಕ್ಸ್‌ಪರ್ಟ್' ಆನ್ ಮಾಡಬೇಕು. ಇಲ್ಲದಿದ್ದರೆ ಎಷ್ಟು ತಡಕಾಡಿದರೂ ಸಿಗುವುದಿಲ್ಲ.

ಹೊಸ ಇಮೇಜ್ (ಕಂಪೈಲ್ ಆದ ಕರ್ನಲ್ ಫೈಲು) ಒಂದನ್ನೇ ಎಸ್‌ಡಿ ಕಾರ್ಡಿಗೆ ನಕಲಿಸಿದಾಗ ಬೋರ್ಡು ಬೂಟ್ ಆಯಿತು, ಕ್ಯಾಮೆರಾ ಮಾತ್ರ ಮಾಯ. ಕರ್ನಲ್ ಹೆಸರು ಎರಡರಲ್ಲೂ ಒಂದೇ ಇದ್ದದ್ದರಿಂದ ಹಳೆಯ ಮಾಡ್ಯೂಲ್‌ಗಳ (ಕರ್ನಲ್‌ಗೆ ಬೇಕಾದಾಗ ಸೇರುವ ಡ್ರೈವರ್‌ಗಳು) ಫೋಲ್ಡರ್ ಸಿಕ್ಕಿತು. ಆದರೆ ಆ ಹಳೆಯ ಮಾಡ್ಯೂಲ್‌ಗಳ ವರ್ಷನ್ ಮ್ಯಾಜಿಕ್‌ನಲ್ಲಿ (ಯಾವ ಕರ್ನಲ್‌ಗೆ ಕಟ್ಟಿದ್ದೆಂಬ ಗುರುತು) 'ಪ್ರಿಎಂಪ್ಟ್_ಆರ್‌ಟಿ' ಎಂಬ ಪದ ಇಲ್ಲದ ಕಾರಣ ಕ್ಯಾಮೆರಾದ ಐಎಂಎಕ್ಸ್219 ಡ್ರೈವರ್ ಸೇರಲಿಲ್ಲ. ಡಿಮೆಸೆಗ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ಒಂದೇ ಸಾಲಿನ ದೂರು ಇರುತ್ತದೆ, ಅದನ್ನು ಓದಬೇಕು. ಇಮೇಜ್, ಡಿಟಿಬಿ (ಬೋರ್ಡಿನ ಯಂತ್ರಾಂಶದ ವಿವರಣೆ), ಮಾಡ್ಯೂಲ್ ಮೂರನ್ನೂ ಒಂದೇ ಬಿಲ್ಡ್‌ನಿಂದ ಹಾಕಿದ ಮೇಲೆ ಸರಿಹೋಯಿತು.

6ನೇ ವಾರ: ಮಾದರಿ

ಚಿತ್ರ ನೋಡಿ ಬೇಳೆಯೋ ಕಲ್ಲೋ ಎಂದು ಹೇಳುವ ಎಐ ಮಾದರಿಯನ್ನು ಉಬುಂಟು ಪಿಸಿಯಲ್ಲಿ ಟಿಐಡಿಎಲ್ (ಟಿಐನ ಎಐ ತಂತ್ರಾಂಶ) ಉಪಕರಣಗಳಿಂದ 8 ಬಿಟ್‌ಗೆ ಕಂಪೈಲ್. ಉಪಕರಣದ ಆವೃತ್ತಿಯೂ ಬೋರ್ಡಿನ ಎಸ್‌ಡಿಕೆ ಆವೃತ್ತಿಯೂ ಒಂದೇ ಇರಬೇಕು. ಕಂಪೈಲ್ ಮುಗಿದಾಗ ಸಬ್‌ಗ್ರಾಫ್ (ಮಾದರಿ ಒಡೆದ ತುಂಡು) ಎಷ್ಟು ಎಂದು ನೋಡಿ: ಒಂದಕ್ಕಿಂತ ಹೆಚ್ಚಿದ್ದರೆ ಯಾವುದೋ ಪದರ ಎಐಗೆಂದೇ ಇರುವ ಸಿ7ಎಕ್ಸ್ ಬಿಟ್ಟು ಸಾಮಾನ್ಯ ಎ53 ಕೋರ್‌ಗಳ ಮೇಲೆ ಬಿದ್ದಿದೆ ಎಂದರ್ಥ. ಚಿಪ್ಪಿನ 2 ಟಾಪ್ಸ್ (ಸೆಕೆಂಡಿಗೆ 2 ಲಕ್ಷ ಕೋಟಿ ಲೆಕ್ಕ) ಆಮೇಲೆ ಕಾಗದದ ಮೇಲಷ್ಟೇ.

8 ಬಿಟ್‌ಗೆ ಇಳಿಸುವಾಗ ಅಳತೆಗೆ ಕೊಡುವ ಕ್ಯಾಲಿಬ್ರೇಷನ್ ಚಿತ್ರಗಳನ್ನು ಇದೇ ಬೆಳಕಲ್ಲಿ, ಇದೇ ಬೆಲ್ಟಿನ ಮೇಲೆ ತೆಗೆದದ್ದು. ಎಣ್ಣೆ ಹಚ್ಚಿದ ಬೇಳೆ ಹೊಳೆಯುತ್ತದೆ, ಆ ಬಿಳಿ ಚುಕ್ಕೆಯನ್ನು ಮಾದರಿ ಕಲ್ಲೆಂದು ಓದುತ್ತದೆ. ದೀಪದ ಮುಂದೆ ಟ್ರೇಸಿಂಗ್ ಪೇಪರ್ ಅಂಟಿಸಿದರೆ ಸಾಕು. ದೀಪ ಡಿಸಿ ಎಲ್‌ಇಡಿಯೇ ಆಗಿರಲಿ. 50 ಹರ್ಟ್ಸ್ ಕರೆಂಟಿನ ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ, 1 ಮಿಲಿಸೆಕೆಂಡ್ ಎಕ್ಸ್‌ಪೋಶರ್‌ನಲ್ಲಿ ಚಿತ್ರದ ತುಂಬ ಪಟ್ಟಿ.

7ನೇ ವಾರ: ಸಮಯ

ಮಾದರಿ ಓಡುವುದಕ್ಕೆ ರಿಯಲ್‌ಟೈಮ್ ಬೇಡ. ಒಂದು ಫ್ರೇಮಿಗೆ 20 ಮಿಲಿಸೆಕೆಂಡ್, ಇನ್ನೊಂದಕ್ಕೆ 60 ಹಿಡಿದರೂ ಆ ವ್ಯತ್ಯಾಸವನ್ನು 90 ಮಿ.ಮೀ. ಬೆಲ್ಟು ನುಂಗಿಕೊಳ್ಳುತ್ತದೆ. ಫ್ರೇಮಿನ ಟೈಮ್‌ಸ್ಟ್ಯಾಂಪಿಗೆ ಕಾಳು ನಳಿಕೆ ತಲುಪಲು ಬೇಕಾದ ಸಮಯ ಕೂಡಿಸಿ, ಆ ನಿಖರ ಗಳಿಗೆಗೆ ವಾಲ್ವ್ ತೆರೆಯುವ ಒಂದೇ ಒಂದು ಥ್ರೆಡ್‌ಗೆ (ಪ್ರೋಗ್ರಾಮಿನ ಒಂದು ಎಳೆ) ಮಾತ್ರ ಬಿಗಿ ಬೇಕು. ಅದು 3ನೇ ಕೋರ್ ಮೇಲೆ ಒಂಟಿಯಾಗಿ, ಫಿಫೊ (ರಿಯಲ್‌ಟೈಮ್ ಸರದಿ) ಆದ್ಯತೆ 80ರಲ್ಲಿ, ಮೆಮೊರಿ ಲಾಕ್ ಮಾಡಿಕೊಂಡು ಕೂತಿದೆ. ಇಂಟರಪ್ಟ್ ಥ್ರೆಡ್‌ಗಳ (ಯಂತ್ರಾಂಶದ ಕರೆಗೆ ಓಗೊಡುವವು) ಡೀಫಾಲ್ಟ್ 50, ಅದಕ್ಕಿಂತ ಮೇಲಿದ್ದರಾಯಿತು. 99ರ ಆಸೆ ಬೇಡ, ಅಲ್ಲಿ ಕರ್ನಲ್‌ನ ಸ್ವಂತ ಕೆಲಸಗಾರರಿದ್ದಾರೆ.

ವಾರದ ಮೂರು ದಿನ ತಿಂದದ್ದು ಪಿಟಿಎಸ್, ಅಂದರೆ ಕ್ಯಾಮೆರಾ ಚಿತ್ರ ಸಾಗಿಸುವ ಜಿಸ್ಟ್ರೀಮರ್ ತಂತ್ರಾಂಶ ಫ್ರೇಮಿಗೆ ಹಚ್ಚುವ ಟೈಮ್‌ಸ್ಟ್ಯಾಂಪು. ಅದು ಮಾನೊಟಾನಿಕ್ ಗಡಿಯಾರದ (ಬೋರ್ಡು ಬೂಟ್ ಆದಾಗಿನಿಂದ ಎಣಿಸುವುದು) ಸಮಯವಲ್ಲ, ಪೈಪ್‌ಲೈನ್ ಶುರುವಾದಾಗಿನಿಂದ ಎಣಿಸಿದ್ದು. ಅದನ್ನೇ ನೇರ ಕ್ಲಾಕ್_ನ್ಯಾನೊಸ್ಲೀಪ್‌ಗೆ (ಇಂಥ ಗಳಿಗೆಯ ತನಕ ಥ್ರೆಡ್ ಮಲಗಿಸುವ ಕರೆ) ಕೊಟ್ಟರೆ 'ಕಳೆದುಹೋದ ಗಳಿಗೆಯ ತನಕ ಮಲಗು' ಅಂದಂತೆ. ಥ್ರೆಡ್ ತಕ್ಷಣ ಎದ್ದು ಗಾಳಿ ಊದುತ್ತದೆ, ಕಲ್ಲು ಇನ್ನೂ ಕ್ಯಾಮೆರಾ ಕೆಳಗಿರುವಾಗ ಮುಂದಿನ ಒಳ್ಳೆಯ ಬೇಳೆ ಹಾರಿಹೋಗುತ್ತದೆ. ಪೈಪ್‌ಲೈನಿನ ಬೇಸ್ ಟೈಮ್, ಅಂದರೆ ಅದು ಶುರುವಾದ ಗಳಿಗೆ, ಕೂಡಿಸಬೇಕು.

ನಿದ್ದೆ ಬಿಟ್ಟು ಲೂಪಿನಲ್ಲಿ ಗಡಿಯಾರ ನೋಡುತ್ತ ಕೂರುವ ಉಪಾಯ ಮಾಡಬೇಡಿ. ಅದೇ ಕೋರ್ ಮೇಲೆ ಸಾಮಾನ್ಯ ಕೆಲಸವೊಂದು ಕಾಯುತ್ತಿದ್ದರೆ, ಅದು ಹಸಿಯದಿರಲಿ ಎಂದು ಕರ್ನಲ್ ಸೆಕೆಂಡಿಗೆ 50 ಮಿಲಿಸೆಕೆಂಡ್ ಕಸಿದು ಕೊಡುತ್ತದೆ. ಈ ಬೆಲ್ಟಿನಲ್ಲಿ ಅದು 15 ಮಿ.ಮೀ.

ಥ್ರೆಡ್ ಏಳಲು ಎಷ್ಟು ತಡವೆಂದು ಅಳೆಯುವ ಸೈಕ್ಲಿಕ್‌ಟೆಸ್ಟ್ ಅನ್ನು ಖಾಲಿ ಬೋರ್ಡಿನ ಮೇಲೆ ಓಡಿಸಿ ಖುಷಿಪಡುವುದರಲ್ಲಿ ಅರ್ಥವಿಲ್ಲ. ಕ್ಯಾಮೆರಾ, ಮಾದರಿ, ಬೇಕಂತಲೇ ಹೊರೆ ಹಾಕುವ ಸ್ಟ್ರೆಸ್-ಎನ್‌ಜಿ ಮೂರೂ ನಡೆಯುವಾಗ ರಾತ್ರಿಯಿಡೀ ಬಿಟ್ಟು ಗರಿಷ್ಠ ಅಂಕಿ ಮಾತ್ರ ನೋಡಬೇಕು. ಸಿಪಿಯು ವೇಗದ ಗವರ್ನರ್ 'ಪರ್ಫಾರ್ಮೆನ್ಸ್', ಬೂಟ್ ಸಾಲಿನಲ್ಲಿ 'ಕ್ವೈಟ್' (ಸಂದೇಶಗಳ ಗದ್ದಲ ಬೇಡ). ಹೀಗೆ ಆ ಗರಿಷ್ಠ ತಡ 100 ಮೈಕ್ರೋಸೆಕೆಂಡಿನ ಕೆಳಗೇ ನಿಂತಿತು, ಅಂದರೆ ಬೆಲ್ಟಿನ ಮೇಲೆ 0.03 ಮಿ.ಮೀ.

8ನೇ ವಾರ: ವಾಲ್ವ್

ಇಷ್ಟೆಲ್ಲ ಆದ ಮೇಲೆ ಉಳಿದ ತಡ ವಾಲ್ವ್ ತೆರೆಯುವ 24 ವೋಲ್ಟ್ ಸೊಲೆನಾಯ್ಡ್ ಕಾಯಿಲಿನದ್ದೇ. ಕಾಯಿಲಿನ ಮೇಲೆ ಬರೀ 1ಎನ್4007 ಡಯೋಡ್ ಹಾಕಿದರೆ ಕರೆಂಟು ನಿಧಾನಕ್ಕೆ ಇಳಿದು ವಾಲ್ವ್ ಮುಚ್ಚಲು ತಡ, ಪಕ್ಕದ ಬೇಳೆಯೂ ಹಾರುತ್ತದೆ. ಡಯೋಡ್ ಜೊತೆ ಸರಣಿಯಲ್ಲಿ 24 ವೋಲ್ಟ್ ಝೀನರ್ ಸೇರಿಸಿದರೆ ಬೇಗ ಮುಚ್ಚುತ್ತದೆ. ಆದರೆ ಆಗ ಕಾಯಿಲನ್ನು ಆನ್-ಆಫ್ ಮಾಡುವ ಮಾಸ್‌ಫೆಟ್ ಮೇಲೆ ಸುಮಾರು 49 ವೋಲ್ಟ್ ಬೀಳುತ್ತದೆ. 30 ವೋಲ್ಟಿನ ಎಒ3400 ಅದನ್ನು ತಡೆಯುವುದಿಲ್ಲ, ಈಗ ಹಾಕಿದ್ದು 100 ವೋಲ್ಟಿನ ಐಆರ್‌ಎಲ್540ಎನ್. ಅದರ ಗೇಟಿಗೆ ಬೋರ್ಡಿನ 3.3 ವೋಲ್ಟ್ ಸಾಲದು, ನಡುವೆ 5 ವೋಲ್ಟಿನ 74ಎಚ್‌ಸಿಟಿ125 ಬಫರ್ ಬೇಕು.

ಬಾಕಿ: ಬೋರ್ಡಿನ ಡಬ್ಬಿ. ಬೇಳೆಯ ಧೂಳಿಗೆ ಫ್ಯಾನ್ ಇಡುವಂತಿಲ್ಲ, ನಮ್ಮೂರ ಮೇ ತಿಂಗಳಿಗೆ ಇಡದೆ ವಿಧಿಯಿಲ್ಲ. ಚಿಪ್ಪಿನ ಬೆನ್ನಿಗೆ ಥರ್ಮಲ್ ಪ್ಯಾಡ್ ಕೊಟ್ಟು 3 ಮಿ.ಮೀ. ಅಲ್ಯೂಮಿನಿಯಂ ಮುಚ್ಚಳಕ್ಕೇ ಒತ್ತಿಸುವ ಪ್ರಯತ್ನ ಮುಂದಿನ ವಾರ.