ಸಿಗರೇಟ್ ಪ್ಯಾಕಿನ ಬೆಳ್ಳಿಕಾಗದ

"ಈ ಕಸ ಎಲ್ಲ ಯಾರ್ ತುಂಬಿದ್ದು ಸಾರ್ ಇದ್ರೊಳಗೆ?"

ಸೋಮವಾರ ಸಂಜೆ ರಿಪೇರಿ ಅಂಗಡಿಯ ಹುಡುಗ ಹೀಗೆ ಕೇಳಿ, ಮಾವನ ಹವಾಯಿಯನ್ ಗಿಟಾರಿನ ಹೊಟ್ಟೆಯಿಂದ ಬೆಳ್ಳಿಕಾಗದದ ಚೂರುಗಳನ್ನು ಕಿತ್ತು ಕಿತ್ತು ಮೇಜಿನ ಮೇಲೆ ಹಾಕಿದ. ಹಳೆಯ ಸಿಗರೇಟ್ ಪ್ಯಾಕಿನೊಳಗೆ ಇರುತ್ತಿತ್ತಲ್ಲ, ಅದೇ ಕಾಗದ. ಹಿಂಬದಿಯಲ್ಲಿ ಕಂದುಗಟ್ಟಿದ ಮೈದಾ ಅಂಟು. "ಹಳೇದಪ್ಪ, ಗೊತ್ತಿಲ್ಲ" ಅಂದುಬಿಟ್ಟೆ. ಗೊತ್ತಿತ್ತು. ಮಾವನ ಹೊರತು ಬೇರೆ ಯಾರೂ ಆ ಗಿಟಾರಿನ ಸ್ಕ್ರೂ ಮುಟ್ಟಿದವರಲ್ಲ.

ಕಲ್ಕತ್ತೆಯಲ್ಲಿ ಮಾಡಿದ ಎಲೆಕ್ಟ್ರಿಕ್ ವಾದ್ಯ ಅದು. ಹೆಸರಿನ ಪಟ್ಟಿ ಎಂದೋ ಉದುರಿಹೋಗಿದೆ. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ಸರಳು ಹಿಡಿದು ಜಾರಿಸುತ್ತಾ ನುಡಿಸುವಂಥದ್ದು. ತಂತಿಗಳು ಕುತ್ತಿಗೆಯ ಪಟ್ಟಿಯಿಂದ ಅಷ್ಟೆತ್ತರದಲ್ಲಿರುತ್ತವೆ, ಬೆರಳಿಂದ ಒತ್ತಿದರೆ ಪ್ರಯೋಜನವಿಲ್ಲ. 1940ರ ದಶಕದಲ್ಲಿ ಹವಾಯಿಯಿಂದ ಬಂದ ಟಾವ್ ಮೋ ಕುಟುಂಬ ಕಲ್ಕತ್ತೆಯಲ್ಲಿ ನೆಲೆಸಿ ಈ ವಾದ್ಯ ಕಲಿಸಿದ್ದನ್ನು ಮಾವ ತಮ್ಮ ಮನೆಯ ಕಥೆಯಂತೆ ಹೇಳುತ್ತಿದ್ದರು. ಇದೇ ವಾದ್ಯ ನುಡಿಸುತ್ತಿದ್ದ ಸುನಿಲ್ ಗಂಗೂಲಿಯವರ ರೆಕಾರ್ಡುಗಳನ್ನು ಸವೆಯುವವರೆಗೆ ಕೇಳಿ, ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದರು. ಈಗ ಕೈ ನಡುಗುತ್ತದೆ. ಎರಡು ವರ್ಷದ ಹಿಂದೆ ಗಿಟಾರನ್ನು ನನಗೆ ಕೊಟ್ಟರು.

ತೊಂದರೆ ಚಿಕ್ಕದೇ ಇತ್ತು: ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಒಳಗಿನ ಪಾಟ್, ಅಂದರೆ ಗುಬುಟಿನ ಕೆಳಗೆ ಸದ್ದು ಏರಿಳಿಸುವ ಬಿಡಿಭಾಗ, ಸವೆದಿತ್ತು. ಹುಡುಗ ಹೊಸದು ಹಾಕಿದ, ಬೆಸುಗೆ ಅಚ್ಚುಕಟ್ಟಾಗಿಯೇ ಇತ್ತು, ದುಡ್ಡೂ ಹೆಚ್ಚು ಕೇಳಲಿಲ್ಲ. ಕೆಲಸ ಬಲ್ಲ ಹುಡುಗ. ಆದರೆ ಆ ಪ್ರಶ್ನೆಯನ್ನು ಅವನು ಉತ್ತರ ಬೇಕೆಂದು ಕೇಳಿರಲಿಲ್ಲ. ಕೇಳುತ್ತಲೇ ಕೀಳುತ್ತಿದ್ದ.

ಮನೆಗೆ ತಂದು ಆಂಪ್ಲಿಫೈಯರಿಗೆ ಜೋಡಿಸಿದೆ. ಕರಕರ ಹೋಗಿತ್ತು, ಅದರ ಜಾಗದಲ್ಲಿ ಗುಂಯ್ ಅನ್ನುವ ಮೊರೆತ, ಅದರ ಮೇಲೆ ಜೇನುಹುಳುವಿನಂಥ ಝೇಂಕಾರ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು, ಆ ಮೊರೆತ ಜಿ ಸ್ವರದ ಹತ್ತಿರ ಬಂದು ನಿಲ್ಲುತ್ತದೆ. ಸಿ ಶ್ರುತಿಯಲ್ಲಿ ಕೂಡಿಸಿದ ತಂತಿಗಳ ಕೆಳಗೆ ಬೇಡದ ಪಂಚಮವೊಂದು ಸದಾ ಹಾಡುತ್ತಿದ್ದಂತೆ.

ರಾತ್ರಿ ಮಾವನಿಗೆ ಫೋನ್ ಮಾಡಿದೆ.

"ಒಳಗಡೆ ಕಾಗದ ಇದೆ ತಾನೆ?" ಮೊದಲ ಮಾತೇ ಅದು.

"ತೆಗೆದುಬಿಟ್ಟ ಮಾವ."

ಒಂದು ಕ್ಷಣ ಮಾತಿಲ್ಲ. ಆಮೇಲೆ ಸಿಟ್ಟಿಲ್ಲದೆ ಹೇಳಿದರು. ಗಣೇಶನ ಪೆಂಡಾಲುಗಳಲ್ಲಿ ಟ್ಯೂಬ್‌ಲೈಟಿನ ಚೋಕ್‌ಗಳು, ಸೀರಿಯಲ್ ಸೆಟ್, ಪಕ್ಕದಲ್ಲೇ ಜನರೇಟರು. ಗಿಟಾರ್ ಹಚ್ಚಿದರೆ ಹಾಡಿಗಿಂತ ಝೇಂಕಾರವೇ ಜಾಸ್ತಿ. ಯಾರೋ ರೇಡಿಯೋ ರಿಪೇರಿಯವರು, ಲೋಹದ ಗೂಡು ಕಟ್ಟಿ ಅರ್ತ್‌ಗೆ ಸೇರಿಸಿದರೆ ಹೊರಗಿನ ಗದ್ದಲ ಒಳಗೆ ಬರಲ್ಲ ಅಂದಿದ್ದರಂತೆ. ಮಾವ ಬೀಡಿ ಸಿಗರೇಟು ಮುಟ್ಟಿದವರಲ್ಲ. ತಬಲಾದವರ ಖಾಲಿ ಪ್ಯಾಕುಗಳನ್ನು ತಿಂಗಳುಗಟ್ಟಲೆ ಕೂಡಿಟ್ಟು, ಹೊಳೆಯುವ ಬದಿ ಮೇಲೆ ಬರುವಂತೆ ಒಂದರ ಅಂಚಿನ ಮೇಲೆ ಇನ್ನೊಂದು ಅಂಟಿಸಿದ್ದರು. ಅಂಚುಗಳಲ್ಲಿ ಲೋಹ ಲೋಹಕ್ಕೆ ತಾಗಲೆಂದು ಕಾಗದವನ್ನು ಮಡಚಿದ್ದರು. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲವಲ್ಲ, ಹಾಗಾಗಿ ಪಾಟ್‌ನ ಲೋಹದ ಮೈಯೇ ಕಾಗದವನ್ನು ಒತ್ತಿ ಹಿಡಿಯುವಂತೆ ನಟ್ ಬಿಗಿದಿದ್ದರು. ಅರ್ತ್ ಆಗುತ್ತಿದ್ದದ್ದು ಅಲ್ಲಿ.

ಮರುದಿನ ಅಂಗಡಿಗೆ ಓಡಿದೆ. ಗುಡಿಸಿ ಹಾಕಿಯಾಗಿತ್ತು.

ನನ್ನನ್ನು ಕೊರೆಯುತ್ತಿರುವುದು ಕಾಗದ ಹೋದದ್ದಲ್ಲ. ಐವತ್ತು ವರ್ಷ ಒಬ್ಬ ಮನುಷ್ಯ ಒಂದು ವಾದ್ಯವನ್ನು ಬದುಕಿಸಿಟ್ಟಿದ್ದ ವಿದ್ಯೆಯನ್ನು ಕಣ್ಣೆದುರೇ ಕಸ ಅಂದಾಗ, "ನಮ್ಮ ಮಾವ ಮಾಡಿದ್ದು, ತಡಿ, ಕೇಳಿ ಹೇಳ್ತೀನಿ" ಅನ್ನುವಷ್ಟು ಮಾತು ನನ್ನಿಂದ ಹೊರಡಲಿಲ್ಲ. ನಾಚಿಕೆಯಾಗಿತ್ತು, ಆ ಬಡ ಕಾಗದ ನೋಡಿ. ಅಜ್ಜಿಯ ಕುಕ್ಕರಿನ ಹಿಡಿಗೆ ಸುತ್ತಿದ್ದ ತಂತಿ, ಅಪ್ಪ ರೇಡಿಯೋದ ಬೆನ್ನಿಗೆ ಕಟ್ಟಿದ್ದ ಸೈಕಲ್ ಟ್ಯೂಬು, ಇವನ್ನೆಲ್ಲ ನಾನೇ ಅಲ್ಲವೇ ಮನೆ ಬದಲಿಸುವಾಗ ಎಸೆದದ್ದು? ಯಾವುದು ಏನನ್ನು ಹಿಡಿದಿಟ್ಟಿತ್ತೋ. ತಮ್ಮ "ಗೋಡೆಗೆ ನೇತುಹಾಕು, ಚೆಂದ ಕಾಣುತ್ತೆ" ಅಂದ. ಅವನ ಜತೆ ಎರಡು ದಿನ ಮಾತಾಡಲಿಲ್ಲ.

ಎಸ್.ಪಿ. ರೋಡಿನಲ್ಲಿ ತಾಮ್ರದ ಟೇಪ್ ಸಿಕ್ಕಿತು. ಇದಕ್ಕೆ ಬೆಸುಗೆ ಹಿಡಿಯುತ್ತದೆ. ಶುಕ್ರವಾರ ಫೋನನ್ನು ಸ್ಪೀಕರಿನಲ್ಲಿಟ್ಟು ಕೂತೆ. ಮಾವ ಹೇಳಿದಂತೆ ಗೂಡಿನ ತಳ, ಗೋಡೆ, ಮುಚ್ಚಳದ ಒಳಮೈ ಎಲ್ಲ ಮುಚ್ಚಿದೆ. ಅಂಚು ಅಂಚಿಗೆ ಬೆಸುಗೆ ಹಾಕಿದೆ, ಪಾಟ್‌ನ ಬೆನ್ನಿಗೆ ಒಂದು ತಂತಿ ಎಳೆದೆ. ಗಿಟಾರ್ ತಂತಿಗಳ ಕಂಪನ ಹಿಡಿಯುವ ಕಾಯಿಲಿನ ತಂತಿ ಕೂದಲಿಗಿಂತ ಸಣ್ಣದು, ಅದರ ಹತ್ತಿರ ಹೋದಾಗೆಲ್ಲ "ಉಸಿರು ಬಿಗಿ ಹಿಡಿ" ಅನ್ನುತ್ತಿದ್ದರು.

"ಈಗ ಹಚ್ಚು. ತಂತಿಯಿಂದ ಕೈ ತೆಗಿ. ಏನ್ ಕೇಳುತ್ತೆ?"

ಝೇಂಕಾರ ಹೋಗಿತ್ತು. ಸಣ್ಣಗೆ ಮೊರೆತ ಉಳಿದಿತ್ತು.

"ಅದು ಟ್ರಾನ್ಸ್‌ಫಾರ್ಮರಿಂದು, ಕಾಯಿಲ್ಲೇ ಹಿಡಿಯುತ್ತೆ, ಗೂಡು ಕಟ್ಟಿದ್ರೂ ಹೋಗಲ್ಲ. ಆಂಪ್ಲಿಫೈಯರಿಂದ ದೂರ ಕೂತ್ಕೊಂಡು ಸ್ವಲ್ಪ ಓರೆಯಾಗಿ ತಿರುಗು."

ಸ್ಟೂಲು ಹಿಂದೆ ಸರಿಸಿ ಗೇಣಷ್ಟು ಗೇಣಷ್ಟು ತಿರುಗಿದೆ. ಕಿಟಕಿಯ ಕಡೆ ಮುಖ ಬಂದಾಗ ಮೊರೆತ ತಗ್ಗಿ ತಗ್ಗಿ ಇಲ್ಲವಾಯಿತು. ಸರಳು ಇಟ್ಟು ಆರೂ ತಂತಿ ಮೀಟಿದೆ.

"ಎರಡನೇದು ಇಳಿದಿದೆ ನೋಡು" ಅಂದರು ಮಾವ, ಮೈಸೂರಿನಿಂದ.