ಪಿಕ್ಚರ್ ಹ್ಯಾಂಗೈತ್ರಿ?

“ಪಿಕ್ಚರ್ ಹ್ಯಾಂಗೈತ್ರಿ? ರೊಕ್ಕಾ ವಸೂಲ ಆಗ್ತೈತೇನು?” ವಿಜಯಪುರದಲ್ಲಿ ಹೊಸ ಸಿನಿಮಾ ಬಂದ ದಿನದಿಂದ ಇದೇ ಪ್ರಶ್ನೆ. ಇನ್ನು ಮುಂದೆ ಫೋನಿನಲ್ಲಿ ಉತ್ತರ ಕೊಡುವುದಿಲ್ಲ, ಇಲ್ಲಿಯೇ ಓದಿಕೊಳ್ಳಿ.

‘ಸು ಫ್ರಮ್ ಸೋ’ ನನಗೆ ಬಹಳ ಹಿಡಿಸಿತು. ‘ಕಾಂತಾರ ಚಾಪ್ಟರ್ 1’ರಲ್ಲಿ ಕಥೆಗಿಂತ ಕಾಡು ಮತ್ತು ಅಜನೀಶ್ ಲೋಕನಾಥ್ ಸಂಗೀತ ಹಿಡಿಸಿದವು. ಮುಗಿಯಿತು. ರೊಕ್ಕದ ಲೆಕ್ಕ ನನ್ನನ್ನು ಕೇಳಬೇಡಿ. ಸಿನಿಮಾ ಅಡತಿ ಅಂಗಡಿಯ ಜೋಳವಲ್ಲ, ತೂಗಿ ದರ ಹೇಳಲಿಕ್ಕೆ.

“ಯಾವ ಥಿಯೇಟರಿನಾಗ ನೋಡ್ಲಿ, ಎಲ್ಲಿ ಕೂಡ್ರಲಿ?” ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದು. ‘ಸು ಫ್ರಮ್ ಸೋ’ದಲ್ಲಿ ಕರಾವಳಿಯ ಕನ್ನಡ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ನಮ್ಮ ಕಿವಿಗೆ ಅದು ಒಗ್ಗಲು ಹತ್ತು ನಿಮಿಷ ಬೇಕು. ಮಾತೆಲ್ಲ ಬರುವುದು ಹೆಚ್ಚಾಗಿ ಪರದೆಯ ಹಿಂದಿನ ನಡುವಿನ ಸ್ಪೀಕರಿನಿಂದ. ಅದು ಕೆಟ್ಟಿದ್ದರೆ ಸಂಗೀತ ಗುಡುಗುತ್ತದೆ, ಮಾತು ಮಾತ್ರ ಮಂಕು. ಇನ್ನೊಂದು ಕಾರಣ ಫೇಡರ್, ಅಂದರೆ ಧ್ವನಿ ಏರಿಸಿ ಇಳಿಸುವ ಗುಂಡಿ. ಸಿನಿಮಾದ ಧ್ವನಿ ಹೊಂದಿಸುವುದು ಅದರ 7ರ ಮಟ್ಟಕ್ಕೆ. ಫೈಟಿನ ಗದ್ದಲ ಜಾಸ್ತಿಯಾಯಿತೆಂದು ಯಾರೋ ಕೂಗಿದರೆ ಆಪರೇಟರ್ 5ಕ್ಕೆ ಇಳಿಸುತ್ತಾನೆ. ಆಗ ಸುಮಾರು 6–7 ಡೆಸಿಬೆಲ್ ಕಡಿಮೆಯಾಗಿ, ಪಿಸುಮಾತೂ ಅದರ ಜೊತೆಗೇ ಹೋಗುತ್ತದೆ. ಗೋಡೆ ಬರಿದಾಗಿದ್ದರಂತೂ ಪ್ರತಿಧ್ವನಿ. ಗೋಳಗುಮ್ಮಟದಲ್ಲಿ ಅದನ್ನು ಕೇಳಲೆಂದೇ ಹೋಗುತ್ತೇವೆ, ಥಿಯೇಟರಿನಲ್ಲಿ ಅದೇ ಮಾತನ್ನು ನುಂಗಿಬಿಡುತ್ತದೆ.

‘ಕಾಂತಾರ’ಕ್ಕೆ ಬೆಳಕು ಮುಖ್ಯ. ಪರದೆಯ ನಡುವೆ ಹೊಳಪು 14 ಫುಟ್-ಲ್ಯಾಂಬರ್ಟ್ (ಹೊಳಪಿನ ಅಳತೆ) ಇರಬೇಕೆಂಬುದು ಮಾನದಂಡ. ಪ್ರೊಜೆಕ್ಟರಿನೊಳಗಿನ ಕ್ಸೆನಾನ್ ದೀಪ ಹಳತಾಗಿದ್ದರೆ, ಅದರ ಮುಂದಿನ ಗಾಜಿಗೆ ಧೂಳು ಹತ್ತಿದ್ದರೆ, ರಾತ್ರಿಯ ಕಾಡು ಬರೀ ಕಪ್ಪು ಗೋಡೆ. “ಏನೂ ಕಾಣಲಿಲ್ಲ” ಅಂತ ನಿರ್ದೇಶಕನನ್ನು ಬೈದವರು ಆ ಗಾಜನ್ನು ನೋಡಿರುವುದಿಲ್ಲ! ಜಾಹೀರಾತಿನಲ್ಲಿ ಬಿಳಿ ಹಿನ್ನೆಲೆ ಬಂದಾಗ ಗಮನಿಸಿ: ಬಿಳಿ ಹಳದಿಗೆ ತಿರುಗಿದೆಯೇ, ಮೂಲೆಗಳು ತೀರಾ ಮಬ್ಬೇ?

ಸೀಟು ಪರದೆಯಿಂದ ಮೂರನೇ ಎರಡು ಭಾಗ ಹಿಂದೆ, ಸಾಲಿನ ನಟ್ಟನಡುವೆ ಇರಲಿ. ಬಾಲ್ಕನಿಯ ಕೆಳಗಿನ ಕೊನೆಯ ಸಾಲು ಬೇಡ, ಅಲ್ಲಿ ಧ್ವನಿ ಮುಚ್ಚಿಕೊಂಡಂತೆ ಕೇಳಿಸುತ್ತದೆ. ಗೋಡೆಗೆ ಹತ್ತಿದ ಸೀಟೂ ಬೇಡ, ಪಕ್ಕದ ಸ್ಪೀಕರ್ ಒಂದೇ ಕಿವಿಗೆ ಬಡಿಯುತ್ತದೆ.

ಮಾತು ಕೇಳದಿದ್ದರೆ ಇಂಟರ್ವಲ್‌ವರೆಗೆ ಕಾಯಬೇಡಿ. ಮೊದಲ ಹತ್ತು ನಿಮಿಷದೊಳಗೆ ಹೊರಗೆ ಬಂದು ಹೇಳಿ: “ಅಣ್ಣಾ, ಮಾತು ಕೇಳಾಕ್ಹತ್ತಿಲ್ಲ, ಸೌಂಡ್ ಸ್ವಲ್ಪ ಏರ್ಸ್ರಿ.”